ಇಂಜಿನ್ನು ತಡವರಿಸಿದರೆ: ಬಿಚ್ಚುವ ಮೊದಲು ತಪಾಸಣೆ

ರೋಣ ತಾಲ್ಲೂಕಿನ ಹೊಳೆಆಲೂರು ಭಾಗದ ಎರೆಭೂಮಿಯಲ್ಲಿ ಮುಂಗಾರಿನ ಉಳ್ಳಾಗಡ್ಡಿ ಕಿತ್ತು ಮಾರುಕಟ್ಟೆಗೆ ಸಾಗಿಸುವ ದಿನಗಳೂ, ಹಿಂಗಾರಿಯ ಕಡಲೆ ಹಾಗೂ ಬಿಳಿಜೋಳ ಬಿತ್ತುವ ದಿನಗಳೂ ಒಂದಕ್ಕೊಂದು ತಾಗಿಕೊಂಡೇ ಬರುತ್ತವೆ. ಆ ದಿನಗಳಲ್ಲಿ ಲಾರಿಯಾಗಲಿ, ಟ್ರ್ಯಾಕ್ಟರಾಗಲಿ ಕೆಟ್ಟು ನಿಂತರೆ ನಷ್ಟ ರಿಪೇರಿ ಖರ್ಚಿಗಷ್ಟೇ ನಿಲ್ಲುವುದಿಲ್ಲ. ಹಸಿ ಉಳ್ಳಾಗಡ್ಡಿ ಚೀಲದಲ್ಲಿಯೇ ಬೆವತು ಕೊಳೆಯುತ್ತದೆ. ಎರೆಮಣ್ಣಿನ ಹದವಂತೂ ಯಾರ ಗಾಡಿಗಾಗಿಯೂ ಕಾಯುವುದಿಲ್ಲ.

ಇಂಥ ಹೊತ್ತಿನಲ್ಲಿ ಇಂಜಿನ್ನು ಸಮನಾಗಿ ಓಡದೆ ನಡುಗತೊಡಗುತ್ತದೆ, ನಮ್ಮವರು ಹೇಳುವಂತೆ 'ಮಿಸ್ಸಿಂಗ್' ಹೊಡೆಯುತ್ತದೆ ಎಂದಿಟ್ಟುಕೊಳ್ಳಿ. ಆಗ ಸಾಮಾನ್ಯವಾಗಿ ಎರಡರಲ್ಲಿ ಒಂದು ನಡೆಯುತ್ತದೆ. ಕೆಲವರು 'ಸುಗ್ಗಿ ಮುಗಿಯಲಿ, ಆಮೇಲೆ ನೋಡೋಣ' ಎಂದು ಹಾಗೆಯೇ ಓಡಿಸುತ್ತಾರೆ. ಇನ್ನು ಕೆಲವರು ಗಾಬರಿಯಿಂದ ಗ್ಯಾರೇಜಿಗೆ ಒಯ್ದು 'ಎಲ್ಲಾ ಬಿಚ್ಚಿ ನೋಡಿಬಿಡಿ' ಎನ್ನುತ್ತಾರೆ. ಎರಡೂ ಸರಿಯಲ್ಲ. ಮೊದಲನೆಯದರಿಂದ ಚಿಕ್ಕ ದೋಷ ದೊಡ್ಡದಾಗುತ್ತದೆ. ಎರಡನೆಯದರಿಂದ ಕೆಡದೇ ಇದ್ದ ಭಾಗವೂ ಬಿಚ್ಚಿಸಿಕೊಂಡು ಕೆಡುತ್ತದೆ. ರಿಪೇರಿ ಮಿಸ್ತ್ರಿಯ ಕೆಲಸ, ಆದರೆ ಮೊದಲ ತಪಾಸಣೆ ಗಾಡಿಯ ಒಡೆಯನ ಕೆಲಸ ಎಂಬುದು ನನ್ನ ಖಚಿತ ಅಭಿಪ್ರಾಯ.

ತಪಾಸಣೆ ಒಡೆಯನಿಗೇಕೆ?

'ಅದನ್ನೆಲ್ಲ ತಿಳಿಯಲು ಮಿಸ್ತ್ರಿ ಇದ್ದಾನಲ್ಲ' ಎಂದು ಕೇಳುವವರಿದ್ದಾರೆ. ನಿಮ್ಮ ಎತ್ತು ಮೇವು ಬಿಟ್ಟರೆ ಪಶುವೈದ್ಯರು ಮೊದಲು ನಿಮ್ಮನ್ನೇ ಪ್ರಶ್ನೆ ಕೇಳುತ್ತಾರೆ: ಯಾವಾಗಿನಿಂದ ಬಿಟ್ಟಿದೆ, ಮೆಲುಕು ಹಾಕುತ್ತಿದೆಯೇ, ಸಗಣಿ ಹೇಗಿದೆ? ಇದಕ್ಕೆ ಉತ್ತರ ನಿಮ್ಮಲ್ಲಿರುತ್ತದೆಯೇ ಹೊರತು ವೈದ್ಯರಲ್ಲಲ್ಲ. ಇಂಜಿನ್ನಿನ ಮಾತೂ ಹಾಗೆಯೇ. ಅದರ ದನಿಯನ್ನು ದಿನನಿತ್ಯ ಕೇಳುವವರು ನೀವು. ಗ್ಯಾರೇಜಿಗೆ ಹೋಗುವಷ್ಟರಲ್ಲಿ ಇಂಜಿನ್ನು ಕಾದಿರುತ್ತದೆ, ಬೆಳಗಿನ ಬಿಳಿ ಹೊಗೆ ನಿಂತಿರುತ್ತದೆ. ಮಿಸ್ತ್ರಿಗೆ ಅರ್ಧ ಲಕ್ಷಣ ಕಾಣುವುದೇ ಇಲ್ಲ. ಲಕ್ಷಣ ಕಾಣದಿದ್ದಾಗ ಅಂದಾಜಿನ ಮೇಲೆ ಕೆಲಸ ನಡೆಯುತ್ತದೆ. ಅಂದಾಜಿನ ಖರ್ಚು ಬೀಳುವುದು ರೈತನ ಕಿಸೆಗೇ.

ಇಂಜಿನ್ನಿಗೆ ಬೇಕಾದುದು ಮೂರು

ಡೀಸೆಲ್ ಇಂಜಿನ್ನಿನ ತತ್ತ್ವ ಕಠಿಣವಲ್ಲ. ಜರ್ಮನಿಯ ರುಡಾಲ್ಫ್ ಡೀಸೆಲ್ ಎಂಬ ಇಂಜಿನಿಯರು ಇದಕ್ಕೆ 1893ರಲ್ಲಿ ಪೇಟೆಂಟು ಪಡೆದು, 1897ರಲ್ಲಿ ಯಶಸ್ವಿಯಾಗಿ ಓಡಿಸಿ ತೋರಿಸಿದನು. ಇದರಲ್ಲಿ ಕಿಡಿ ಹಾರಿಸುವ ಪ್ಲಗ್ಗು ಇರುವುದಿಲ್ಲ. ಸಿಲಿಂಡರಿನೊಳಗೆ ಎಳೆದುಕೊಂಡ ಗಾಳಿಯನ್ನು ಪಿಸ್ಟನ್ನು ಸುಮಾರು 16ರಿಂದ 18 ಪಟ್ಟು ಚಿಕ್ಕ ಜಾಗಕ್ಕೆ ಒತ್ತುತ್ತದೆ. ಹಾಗೆ ಒತ್ತಿದ ಗಾಳಿ 500 ಡಿಗ್ರಿ ಸೆಲ್ಸಿಯಸ್ಸಿಗೂ ಮೀರಿ ಕಾಯುತ್ತದೆ. ಅದರೊಳಗೆ ನಾಜಲ್ಲು ಡೀಸೆಲನ್ನು ಮಂಜಿನಂತೆ ಸಿಂಪಡಿಸಿದಾಗ ಅದು ತಾನಾಗಿಯೇ ಉರಿಯುತ್ತದೆ.

ಆದ್ದರಿಂದ ಪ್ರತಿ ಸಿಲಿಂಡರಿಗೆ ಬೇಕಾದುದು ಮೂರು: ಚೊಕ್ಕ ಗಾಳಿ, ಸರಿಯಾದ ಹೊತ್ತಿಗೆ ಸರಿಯಾಗಿ ಸಿಂಪಡಿಸಿದ ಡೀಸೆಲ್, ಮತ್ತು ಬಿಗಿಯಾದ ಒತ್ತಡ. ಈ ಮೂರರಲ್ಲಿ ಒಂದು ತಪ್ಪಿದರೂ ಆ ಸಿಲಿಂಡರು ದುಡಿಯದೆ ಉಳಿದವುಗಳ ಮೇಲೆ ಭಾರವಾಗುತ್ತದೆ. ಇಂಜಿನ್ನು ನಡುಗುವುದು ಇದರಿಂದಲೇ. ಮೂರರಲ್ಲಿ ಯಾವುದು ತಪ್ಪಿದೆ ಎಂದು ಕಂಡುಕೊಳ್ಳುವುದೇ ತಪಾಸಣೆ. ಗಾಳಿ ಮತ್ತು ಡೀಸೆಲಿನ ದೋಷಗಳು ಬಹುಮಟ್ಟಿಗೆ ಅಗ್ಗದಲ್ಲಿ ಮುಗಿಯುತ್ತವೆ. ಒತ್ತಡದ ದೋಷ ದುಬಾರಿ. ಹೀಗಿರುವಾಗ ದುಬಾರಿಯದನ್ನು ಮೊದಲು ಬಿಚ್ಚುವುದು ಜಾಣತನವಲ್ಲ.

ಮೊದಲ ಪ್ರಶ್ನೆ: ತಡವರಿಸುವುದು ಯಾವಾಗ?

ಪಾನಾ ಹಿಡಿಯುವ ಮೊದಲು ಇದನ್ನು ಗಮನಿಸಿರಿ.

ಬೆಳಿಗ್ಗೆ ಚಾಲೂ ಮಾಡಿದ ಕೂಡಲೇ ನಡುಗಿ, ಕಾದ ಮೇಲೆ ಸರಿಯಾಗುತ್ತಿದ್ದರೆ ಒತ್ತಡ ಕಡಿಮೆಯಾಗಿರಬಹುದು, ನಾಜಲ್ಲು ತೊಟ್ಟಿಕ್ಕುತ್ತಿರಬಹುದು, ಅಥವಾ ಹೀಟರ್ ಪ್ಲಗ್ಗು ಇರುವ ಗಾಡಿಯಾದರೆ ಅದು ಸುಟ್ಟಿರಬಹುದು. ಚಾಲೂ ಆಗಿ ಕೆಲ ನಿಮಿಷಕ್ಕೆ ಏರಿಳಿದು ನಿಂತುಬಿಟ್ಟರೆ ಡೀಸೆಲ್ ದಾರಿಯಲ್ಲಿ ಗಾಳಿ ಸೇರಿರುವ ಸಂಭವ ಹೆಚ್ಚು. ಖಾಲಿ ಓಡುವಾಗ ಸರಿಯಿದ್ದು ಲೋಡು ಬಿದ್ದಾಗ ಮಾತ್ರ ಉಸಿರುಗಟ್ಟಿದಂತಾದರೆ ಡೀಸೆಲ್ ಫಿಲ್ಟರ್ ಅಥವಾ ಏರ್ ಕ್ಲೀನರ್ ಕಟ್ಟಿಕೊಂಡಿರಬಹುದು. ಯಾವಾಗಲೂ, ಎಲ್ಲ ವೇಗದಲ್ಲಿಯೂ ಒಂದೇ ತಾಳದಲ್ಲಿ ಏಟು ತಪ್ಪುತ್ತಿದ್ದರೆ ಯಾವುದೋ ಒಂದು ಸಿಲಿಂಡರು ದುಡಿಯುತ್ತಿಲ್ಲ ಎಂದು ತಿಳಿಯಬೇಕು.

ದೋಷ ಯಾವಾಗ ಶುರುವಾಯಿತು ಎಂಬುದೂ ಮುಖ್ಯ. ಹೊಸದಾಗಿ ಡೀಸೆಲ್ ತುಂಬಿಸಿದ ಮರುದಿನವೇ? ಫಿಲ್ಟರ್ ಬದಲಿಸಿದ ಮೇಲೆಯೇ? ಮಳೆಯಲ್ಲಿ ನೆನೆದ ಮೇಲೆಯೇ? ಅರ್ಧ ಉತ್ತರ ಇದರಲ್ಲಿಯೇ ಇರುತ್ತದೆ.

ಖರ್ಚಿಲ್ಲದ ಪರೀಕ್ಷೆಗಳು

ಗಾಡಿಯನ್ನು ಸಮನೆಲದಲ್ಲಿ ನಿಲ್ಲಿಸಿ, ಗೇರು ನ್ಯೂಟ್ರಲ್‌ನಲ್ಲಿಟ್ಟು, ಕೈಬ್ರೇಕು ಹಾಕಿ, ಗಾಲಿಗಳಿಗೆ ಕಲ್ಲು ಕೊಡಿರಿ. ಮುಚ್ಚಿದ ಕೋಣೆಯಲ್ಲಿ ಇಂಜಿನ್ನು ಓಡಿಸಬಾರದು, ಅದರ ಹೊಗೆ ಪ್ರಾಣಕ್ಕೆ ಅಪಾಯ. ಧೋತರದ ಚುಂಗು, ಹೆಗಲ ಮೇಲಿನ ಟವಲು ಫ್ಯಾನಿನ ಬೆಲ್ಟಿಗೆ ಸಿಲುಕದಂತೆ ಕಟ್ಟಿಕೊಳ್ಳಿರಿ. ಬಳಿಕ ಕೆಳಗಿನ ಕ್ರಮದಲ್ಲಿ ನೋಡಬೇಕು.

1. ಇಂಜಿನ್ನನ್ನು ಚಾಸಿಗೆ ಕೂರಿಸಿದ ರಬ್ಬರು ಹಾಗೂ ಬೋಲ್ಟುಗಳು. ರಬ್ಬರು ಹರಿದಿದ್ದರೆ ಅಥವಾ ಬೋಲ್ಟು ಸಡಿಲಾಗಿದ್ದರೆ ಒಳ್ಳೆಯ ಇಂಜಿನ್ನೂ ನಡುಗುತ್ತದೆ. ಗಾಡಿ ನಡುಗುತ್ತಿದ್ದರೂ ಸೈಲೆನ್ಸರಿನ ಸದ್ದು ಸಮನಾಗಿದ್ದರೆ ದೋಷ ಇಲ್ಲಿಯೇ ಇರುವುದು ಸಂಭವ.

2. ಡೀಸೆಲ್ ಟ್ಯಾಂಕಿನ ಮುಚ್ಚಳ. ಒಳಗಿನ ಡೀಸೆಲ್ ಇಳಿದಂತೆ ಹೊರಗಿನ ಗಾಳಿ ಒಳಹೋಗಲು ಸಣ್ಣ ದಾರಿ ಇರುತ್ತದೆ. ಎರೆಮಣ್ಣಿನ ರಾಡಿ ಮೆತ್ತಿ ಅದು ಮುಚ್ಚಿಕೊಂಡರೆ ಡೀಸೆಲ್ ಹರಿಯುವುದಿಲ್ಲ. ಮುಚ್ಚಳ ತೆರೆದಾಗ 'ಸುಂಯ್' ಎಂದು ಗಾಳಿ ಒಳಸೇರಿ, ಇಂಜಿನ್ನು ಸರಿಯಾದರೆ ಆ ರಂಧ್ರವನ್ನು ಚೊಕ್ಕಟ ಮಾಡಿದರಾಯಿತು.

3. ಏರ್ ಕ್ಲೀನರ್. ಕಡಲೆ ಒಕ್ಕುವಾಗಿನ ಹೊಟ್ಟು, ಒಣ ಎರೆಯ ನುಣುಪು ಧೂಳು ಇಂಜಿನ್ನಿನ ದೊಡ್ಡ ವೈರಿಗಳು. ಎಣ್ಣೆ ಇರುವ ಏರ್ ಕ್ಲೀನರ್ ಆದರೆ ಬಟ್ಟಲನ್ನು ತೆಗೆದು ರಾಡಿ ಎಣ್ಣೆ ಚೆಲ್ಲಿ, ತೊಳೆದು, ಗುರುತಿನವರೆಗೆ ಮಾತ್ರ ಹೊಸ ಎಣ್ಣೆ ಹಾಕಬೇಕು. ಕಾಗದದ ಫಿಲ್ಟರ್ ಆದರೆ ಮೆಲ್ಲಗೆ ತಟ್ಟಿ ಧೂಳು ಉದುರಿಸಬೇಕು. ಕಲ್ಲಿಗೆ ಬಡಿಯುವುದು, ಡೀಸೆಲಿನಲ್ಲಿ ತೊಳೆಯುವುದು ತಪ್ಪು. ಕ್ಲೀನರಿನಿಂದ ಇಂಜಿನ್ನಿಗೆ ಹೋಗುವ ರಬ್ಬರು ಕೊಳವೆ ಬಿರುಕು ಬಿಟ್ಟಿದೆಯೇ ನೋಡಿರಿ. ಅಲ್ಲಿ ಬಿರುಕಿದ್ದರೆ ಕ್ಲೀನರ್ ಇದ್ದೂ ಇಲ್ಲದಂತೆ. ಧೂಳು ನೇರವಾಗಿ ಬೋರಿಗೆ ಹೋಗಿ ರಿಂಗುಗಳನ್ನು ಸವೆಸುತ್ತದೆ.

4. ಡೀಸೆಲಿನಲ್ಲಿ ನೀರು. ಫಿಲ್ಟರಿನ ತಳದ ಸ್ಕ್ರೂ ಸಡಿಲಿಸಿ ಗಾಜಿನ ಗ್ಲಾಸಿನಲ್ಲಿ ಸ್ವಲ್ಪ ಡೀಸೆಲ್ ಹಿಡಿಯಿರಿ. ಹತ್ತು ನಿಮಿಷ ಇಟ್ಟರೆ ನೀರು, ಕೆಸರು ತಳಕ್ಕೆ ನಿಲ್ಲುತ್ತದೆ. ನೀರು ಕಂಡರೆ ಚೊಕ್ಕ ಡೀಸೆಲ್ ಬರುವವರೆಗೆ ಬಸಿಯಿರಿ, ಟ್ಯಾಂಕಿನ ತಳವನ್ನೂ ಬಸಿಯಿರಿ. ಅರ್ಧ ಖಾಲಿ ಟ್ಯಾಂಕಿನಲ್ಲಿ ರಾತ್ರಿಯ ತಂಪಿಗೆ ಗಾಳಿಯ ತೇವ ನೀರಾಗಿ ಇಳಿಯುತ್ತದೆ. ಆದ್ದರಿಂದ ಸಂಜೆ ಟ್ಯಾಂಕು ತುಂಬಿಸುವುದು ಒಳ್ಳೆಯ ರೂಢಿ. ಡೀಸೆಲನ್ನು ಸತುವಿನ ಲೇಪದ ಡಬ್ಬಿಯಲ್ಲಿ ಸಂಗ್ರಹಿಸಬಾರದು.

5. ಡೀಸೆಲ್ ದಾರಿಯಲ್ಲಿ ಗಾಳಿ. ಟ್ಯಾಂಕಿನಿಂದ ಫೀಡ್ ಪಂಪಿನವರೆಗಿನ ಪೈಪು, ವಾಷರುಗಳನ್ನು ನೋಡಿರಿ. ಇಲ್ಲಿ ಪಂಪು ಎಳೆಯುವುದರಿಂದ ಡೀಸೆಲ್ ಹೊರಗೆ ಸೋರದೆ ಗಾಳಿ ಒಳಗೆ ಹೋಗುತ್ತದೆ. ಸೋರಿಕೆ ಕಾಣದಿದ್ದರೂ ದೋಷವಿರಬಹುದು. ಹಳೆಯ ಬಗೆಯ ಇಂಜಿನ್ನುಗಳಲ್ಲಿ ಫಿಲ್ಟರಿನ ಮೇಲಿನ ಏರ್ ಸ್ಕ್ರೂ ಸಡಿಲಿಸಿ, ಫೀಡ್ ಪಂಪನ್ನು ಕೈಯಿಂದ ಒತ್ತುತ್ತ, ಗುಳ್ಳೆ ನಿಂತು ತುಂಬು ಧಾರೆ ಬಂದ ಮೇಲೆ ಬಿಗಿಯಬೇಕು. ನಂತರ ಡೀಸೆಲ್ ಪಂಪಿನ ಏರ್ ಸ್ಕ್ರೂವಿನಲ್ಲಿಯೂ ಹಾಗೆಯೇ ಮಾಡಬೇಕು. ಏರ್ ತೆಗೆದ ಮೇಲೆ ಸರಿಯಾಗಿ, ಮರುದಿನ ಮತ್ತೆ ಹಿಡಿದರೆ ಎಲ್ಲಿಯೋ ವಾಷರು ಕೂತಿಲ್ಲವೆಂದೇ ಅರ್ಥ.

6. ಇಂಜಿನ್ ಎಣ್ಣೆ ಮತ್ತು ರೇಡಿಯೇಟರಿನ ನೀರು. ಇಂಜಿನ್ನು ತಣ್ಣಗಿರುವಾಗಲೇ ನೋಡಬೇಕು. ಎಣ್ಣೆ ಹಾಲು ಬೆರೆತ ಚಹಾದಂತೆ ಕಂಡರೆ ನೀರು ಸೇರಿದೆ. ಎಣ್ಣೆಯ ಮಟ್ಟ ಹಾಕದೆಯೇ ಏರಿ, ತೆಳ್ಳಗಾಗಿ, ಡೀಸೆಲ್ ವಾಸನೆ ಬಂದರೆ ಡೀಸೆಲ್ ಇಳಿದಿದೆ. ಎರಡರಲ್ಲಿಯೂ ಇಂಜಿನ್ನು ಓಡಿಸಬಾರದು.

ಹೊಗೆಯ ಬಣ್ಣ ಹೇಳುವುದೇನು?

ಕಪ್ಪು ಹೊಗೆ ಎಂದರೆ ಗಾಳಿ ಸಾಲದು ಅಥವಾ ಡೀಸೆಲ್ ಹೆಚ್ಚಾಗಿದೆ. ಏರ್ ಕ್ಲೀನರ್, ನಾಜಲ್ಲು ಮತ್ತು ಮಿತಿಮೀರಿದ ಲೋಡು ಇದಕ್ಕೆ ಕಾರಣ. ಬಿಳಿ ಹೊಗೆ ಎಂದರೆ ಡೀಸೆಲ್ ಉರಿಯದೆ ಹೊರಬರುತ್ತಿದೆ ಅಥವಾ ನೀರು ಆವಿಯಾಗುತ್ತಿದೆ. ಚಳಿಯ ಬೆಳಿಗ್ಗೆ ಕೆಲ ಹೊತ್ತು ಕಂಡು ಮಾಯವಾದರೆ ಚಿಂತೆಯಿಲ್ಲ. ಕಾದ ಮೇಲೆಯೂ ಉಳಿದು, ರೇಡಿಯೇಟರಿನ ನೀರು ದಿನದಿನಕ್ಕೆ ಕಡಿಮೆಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿದೆಯೆಂದು ಸಂಶಯಪಡಬೇಕು. ನೀಲಿ ಹೊಗೆ ಎಂದರೆ ಇಂಜಿನ್ ಎಣ್ಣೆ ಉರಿಯುತ್ತಿದೆ. ಎಣ್ಣೆಯನ್ನು ಗುರುತಿಗಿಂತ ಹೆಚ್ಚು ಹಾಕಿದ್ದರೂ ಹೀಗಾಗುತ್ತದೆ, ರಿಂಗು ಸವೆದಿದ್ದರೂ ಆಗುತ್ತದೆ. ಎಣ್ಣೆ ಹಾಕುವ ಮುಚ್ಚಳ ತೆರೆದಾಗ ಅಲ್ಲಿಂದಲೂ ಬುಸುಬುಸು ಹೊಗೆ ಬರುತ್ತಿದ್ದರೆ ರಿಂಗು, ಲೈನರುಗಳ ಸವೆತವನ್ನು ನಂಬಬಹುದು. ಅಲ್ಲಿಯವರೆಗೆ 'ಬೋರು ಮಾಡಿಸಬೇಕು' ಎಂಬ ಮಾತಿಗೆ ಒಪ್ಪಬೇಡಿರಿ.

ಯಾವ ಸಿಲಿಂಡರು ದುಡಿಯುತ್ತಿಲ್ಲ?

ಮೇಲಿನದೆಲ್ಲ ನೋಡಿಯೂ ಏಟು ತಪ್ಪುತ್ತಿದ್ದರೆ, ತಪ್ಪುತ್ತಿರುವ ಸಿಲಿಂಡರನ್ನು ಗುರುತಿಸಬೇಕು. ಒಂದು ಸುಲಭ ಉಪಾಯವಿದೆ. ರಾತ್ರಿಯಿಡೀ ತಣ್ಣಗಾದ ಇಂಜಿನ್ನನ್ನು ಚಾಲೂ ಮಾಡಿ, ಒಂದೆರಡು ನಿಮಿಷದ ಮೇಲೆ ಹೊಗೆ ಹೊರಬರುವ ಕೊಳವೆಯ ಪ್ರತಿ ಕವಲಿನ ಬುಡಕ್ಕೆ ಬೆರಳಿನಿಂದ ಒಂದೊಂದೇ ಹನಿ ನೀರು ಚಿಮುಕಿಸಿರಿ. ದುಡಿಯುವ ಸಿಲಿಂಡರಿನ ಕವಲಿನ ಮೇಲೆ ಹನಿ ಬೇಗ ಆರುತ್ತದೆ, ದುಡಿಯದುದರ ಮೇಲೆ ಹಾಗೆಯೇ ನಿಲ್ಲುತ್ತದೆ. ಕಾದ ಕಬ್ಬಿಣಕ್ಕೆ ನೀರು ಸುರಿಯಬಾರದು, ಬಿರುಕು ಬಿಡುತ್ತದೆ. ಕೈಯಿಂದ ಮುಟ್ಟಿ ನೋಡುವುದಂತೂ ಬೇಡವೇ ಬೇಡ.

ಎರಡನೆಯ ಪರೀಕ್ಷೆ ಹಳೆಯ ಬಗೆಯ ಡೀಸೆಲ್ ಪಂಪು ಇರುವ ಇಂಜಿನ್ನುಗಳಿಗೆ ಮಾತ್ರ. ಬೆಂಗಳೂರಿನಲ್ಲಿ 1951ರಲ್ಲಿ ಸ್ಥಾಪನೆಯಾದ ಮೈಕೋ ಕಾರ್ಖಾನೆಯ ಹೆಸರಿನಿಂದ ನಮ್ಮ ಮಿಸ್ತ್ರಿಗಳು 'ಮೈಕೋ ಪಂಪು' ಎನ್ನುತ್ತಿದ್ದುದು ಇದನ್ನೇ. ಆ ಸಂಸ್ಥೆ 2008ರಿಂದ ಬಾಷ್ ಎಂಬ ಹೆಸರಿನಲ್ಲಿದೆ. ಇಂಥ ಇಂಜಿನ್ನು ನಿಧಾನವಾಗಿ ಓಡುತ್ತಿರುವಾಗ, ನಾಜಲ್ಲಿಗೆ ಡೀಸೆಲ್ ತರುವ ಪೈಪಿನ ನಟ್ಟನ್ನು ಬಟ್ಟೆ ಸುತ್ತಿ ಅರ್ಧ ಸುತ್ತು ಮಾತ್ರ ಸಡಿಲಿಸಬೇಕು. ಆ ಸಿಲಿಂಡರಿಗೆ ಡೀಸೆಲ್ ನಿಲ್ಲುತ್ತದೆ. ಇಂಜಿನ್ನು ಇನ್ನಷ್ಟು ತಡವರಿಸಿದರೆ ಆ ಸಿಲಿಂಡರು ಚೆನ್ನಾಗಿ ದುಡಿಯುತ್ತಿತ್ತು ಎಂದರ್ಥ. ಏನೂ ವ್ಯತ್ಯಾಸವಾಗದಿದ್ದರೆ ದೋಷವಿರುವುದು ಅಲ್ಲಿಯೇ. ನಟ್ಟು ಬಿಗಿದು ಮುಂದಿನದಕ್ಕೆ ಹೋಗಿರಿ. ಕಣ್ಣಿಗೆ ಕನ್ನಡಕವಿರಲಿ, ಮುಖ ದೂರವಿರಲಿ, ಬೀಡಿ ಸಿಗರೇಟು ಹತ್ತಿರ ಬಾರದಿರಲಿ. ಪೈಪಿನಿಂದ ಚಿಮ್ಮುವ ಡೀಸೆಲಿಗೆ ಬರಿಗೈ ಒಡ್ಡಬಾರದು. ಒತ್ತಡದ ಡೀಸೆಲ್ ಚರ್ಮ ತೂರಿ ಒಳಹೋದರೆ ಗಾಯ ಸೂಜಿಮೊನೆಯಷ್ಟೇ ಕಂಡರೂ ಕೂಡಲೇ ಆಸ್ಪತ್ರೆಗೆ ಹೋಗಬೇಕು.

ದೋಷದ ಸಿಲಿಂಡರು ತಿಳಿದ ಮೇಲೆ ಮಿಸ್ತ್ರಿಯಿಂದ ಅದರ ನಾಜಲ್ಲನ್ನು ಪಕ್ಕದ ಸಿಲಿಂಡರಿನ ನಾಜಲ್ಲಿನೊಂದಿಗೆ ಅದಲುಬದಲು ಮಾಡಿಸಿ ನೋಡಬಹುದು. ದೋಷವೂ ಪಕ್ಕಕ್ಕೆ ಸರಿದರೆ ನಾಜಲ್ಲೇ ಕಾರಣ, ಅದೊಂದನ್ನೇ ಸರಿಪಡಿಸಿದರೆ ಸಾಕು. ದೋಷ ಅಲ್ಲಿಯೇ ಉಳಿದರೆ ಟ್ಯಾಪೆಟ್ಟು, ವಾಲ್ವು, ಗ್ಯಾಸ್ಕೆಟ್ಟು, ರಿಂಗು ಈ ಕ್ರಮದಲ್ಲಿ ನೋಡಿಸಬೇಕು. ಡೀಸೆಲ್ ಪಂಪನ್ನು ಮಾತ್ರ ಮನೆಯಲ್ಲಾಗಲಿ, ಸಾಮಾನ್ಯ ಗ್ಯಾರೇಜಿನಲ್ಲಾಗಲಿ ಬಿಚ್ಚಬಾರದು. ಅದರ ಅಳತೆ ಕೂದಲೆಳೆಗಿಂತ ನವಿರು. ಪರೀಕ್ಷಾ ಯಂತ್ರವಿರುವ ಪಂಪು ರಿಪೇರಿ ಅಂಗಡಿಯಲ್ಲಿಯೇ ಅದು ಆಗಬೇಕು.

ಹೊಸ ಗಾಡಿಗಳ ವಿಷಯ

2020ರ ಏಪ್ರಿಲ್ 1ರಿಂದ ಮಾರಾಟವಾಗುವ ಲಾರಿ, ಟೆಂಪೊಗಳು ಭಾರತ್ ಸ್ಟೇಜ್ 6 ನಿಯಮಕ್ಕೆ ಒಳಪಟ್ಟಿವೆ. ಇವುಗಳಲ್ಲಿ ಡೀಸೆಲ್ ಸಿಂಪಡಣೆಯನ್ನು ಕಂಪ್ಯೂಟರು ನಿಯಂತ್ರಿಸುತ್ತದೆ. ಕಾಮನ್ ರೈಲ್ ಎಂಬ ಈ ವ್ಯವಸ್ಥೆಯಲ್ಲಿ ಒತ್ತಡ ಸಾವಿರ ಬಾರ್‌ಗೂ ಮೀರುತ್ತದೆ. ಆದ್ದರಿಂದ ಮೇಲೆ ಹೇಳಿದ ನಟ್ಟು ಸಡಿಲಿಸುವ ಪರೀಕ್ಷೆಯನ್ನು ಇವುಗಳಲ್ಲಿ ಎಂದಿಗೂ ಮಾಡಬಾರದು, ಪ್ರಾಣಾಪಾಯವಿದೆ. ಎಚ್ಚರಿಕೆ ದೀಪ ಹತ್ತಿದರೆ ಸ್ಕ್ಯಾನರಿನಿಂದಲೇ ದೋಷ ಓದಿಸಬೇಕು. ಆದರೂ ಒಡೆಯನ ಕೆಲಸ ಇಲ್ಲಿ ಮುಗಿಯಲಿಲ್ಲ. ಏರ್ ಕ್ಲೀನರ್, ಫಿಲ್ಟರಿನ ನೀರು, ಬಿರುಕು ಬಿಟ್ಟ ಕೊಳವೆ, ಸಡಿಲಾದ ಬ್ಯಾಟರಿ ಟರ್ಮಿನಲ್, ಇಲಿ ಕಡಿದ ವೈರು ಇವನ್ನೆಲ್ಲ ಮನೆಯಲ್ಲಿಯೇ ನೋಡಬಹುದು.

ಇಲ್ಲೊಂದು ಎಚ್ಚರಿಕೆಯ ಮಾತು. ಈ ಗಾಡಿಗಳಲ್ಲಿ ಹಲವಕ್ಕೆ ಹೊಗೆ ಶುದ್ಧಿಗಾಗಿ ಯೂರಿಯಾ ದ್ರಾವಣ ಹಾಕಬೇಕಾಗುತ್ತದೆ. ಅದು ತೀರಿದರೆ ಇಂಜಿನ್ನಿನ ಶಕ್ತಿ ತಾನಾಗಿಯೇ ಕುಗ್ಗುತ್ತದೆ. 'ಯೂರಿಯಾ ತಾನೇ, ಮನೆಯಲ್ಲಿ ಚೀಲವೇ ಇದೆ' ಎಂದು ಗೊಬ್ಬರ ಕರಗಿಸಿ ಹಾಕುವುದು ದೊಡ್ಡ ತಪ್ಪು. ಗಾಡಿಯ ದ್ರಾವಣದಲ್ಲಿ ಶೇಕಡಾ 32.5 ಶುದ್ಧ ಯೂರಿಯಾ, ಉಳಿದದ್ದು ಖನಿಜರಹಿತ ನೀರು ಇರುತ್ತದೆ. ಹೊಲಕ್ಕೆ ಹಾಕುವ ಯೂರಿಯಾಕ್ಕೆ ಬೇವಿನೆಣ್ಣೆಯ ಲೇಪವಿರುತ್ತದೆ. ಅದು ಮತ್ತು ಬೋರ್‌ವೆಲ್ ನೀರಿನ ಉಪ್ಪು ಸೇರಿ ದುಬಾರಿ ಭಾಗಗಳನ್ನು ಕಟ್ಟಿಸಿಬಿಡುತ್ತವೆ. ಸಬ್ಸಿಡಿ ಗೊಬ್ಬರವನ್ನು ಹೀಗೆ ಬಳಸುವುದು ಕಾನೂನಿಗೂ ವಿರುದ್ಧ.

ತಕ್ಷಣ ನಿಲ್ಲಿಸಬೇಕಾದ ಸಂದರ್ಭಗಳು

ಎಣ್ಣೆ ಒತ್ತಡದ ದೀಪ ಹತ್ತಿದರೆ, ಇಂಜಿನ್ನಿನ ತಳದಿಂದ 'ಧಡ್ ಧಡ್' ಎಂಬ ಭಾರದ ಬಡಿತ ಕೇಳಿದರೆ, ಕಾವಿನ ಮುಳ್ಳು ಕೆಂಪಿಗೆ ಹೋದರೆ ಮರುಮಾತಿಲ್ಲದೆ ಇಂಜಿನ್ನು ನಿಲ್ಲಿಸಿರಿ. ಕಾದ ರೇಡಿಯೇಟರಿನ ಮುಚ್ಚಳ ತೆರೆಯಬೇಡಿರಿ. 'ಊರು ಮುಟ್ಟಲಿ' ಎಂದು ಓಡಿಸಿದ ನಾಲ್ಕು ಕಿಲೋಮೀಟರು ಕ್ರ್ಯಾಂಕನ್ನೇ ಬಲಿ ತೆಗೆದುಕೊಳ್ಳಬಹುದು.

ಮಲಪ್ರಭೆಯ ದಂಡೆಯವರಿಗೆ ಇನ್ನೊಂದು ಮಾತು. 2009ರಲ್ಲಿ ಮತ್ತು 2019ರ ಆಗಸ್ಟ್‌ನಲ್ಲಿ ಹೊಳೆ ಉಕ್ಕಿ ಬಂದುದನ್ನು ನೀವು ಕಂಡಿದ್ದೀರಿ. ನೆರೆಯಲ್ಲಿ ಮುಳುಗಿದ ಗಾಡಿಯ ಕೀಲಿಯನ್ನು ಎಂದಿಗೂ ತಿರುಗಿಸಬಾರದು. ಗಾಳಿಯಂತೆ ನೀರು ಒತ್ತಡಕ್ಕೆ ಕುಗ್ಗುವುದಿಲ್ಲ. ಸಿಲಿಂಡರಿನಲ್ಲಿ ನೀರಿದ್ದಾಗ ಇಂಜಿನ್ನು ತಿರುಗಿಸಿದರೆ ಕನೆಕ್ಟಿಂಗ್ ರಾಡು ಬಾಗುತ್ತದೆ. ಬ್ಯಾಟರಿ ಕಳಚಿ, ಮಿಸ್ತ್ರಿಯಿಂದ ನಾಜಲ್ಲುಗಳನ್ನು ತೆಗೆಸಿ, ಕೈಯಿಂದ ತಿರುಗಿಸಿ ನೀರು ಹೊರಹಾಕಿಸಿ, ಎಣ್ಣೆ, ಡೀಸೆಲ್, ಫಿಲ್ಟರುಗಳನ್ನೆಲ್ಲ ಬದಲಿಸಿದ ಮೇಲೆಯೇ ಚಾಲೂ ಮಾಡಬೇಕು.

ಮಿಸ್ತ್ರಿಗೆ ಹೇಳಬೇಕಾದುದು

ಗಾಡಿಯಲ್ಲಿ ಒಂದು ಚಿಕ್ಕ ನೋಟುಬುಕ್ಕು ಇಡಿರಿ. ಎಣ್ಣೆ, ಫಿಲ್ಟರ್ ಬದಲಿಸಿದ ದಿನಾಂಕ, ಆಗಿನ ಕಿಲೋಮೀಟರ್ ಅಥವಾ ಗಂಟೆಗಳ ಲೆಕ್ಕ, ಮಾಡಿಸಿದ ರಿಪೇರಿ ಇವನ್ನು ಬರೆಯಿರಿ. 'ಇಂಜಿನ್ನು ಸರಿಯಿಲ್ಲ' ಎಂದಷ್ಟೇ ಹೇಳುವ ಬದಲು, 'ಮೂರು ದಿನದಿಂದ ಎರಡನೆಯ ಸಿಲಿಂಡರು ಏಟು ತಪ್ಪುತ್ತಿದೆ, ಕಾದ ಮೇಲೂ ಬಿಳಿ ಹೊಗೆ ಇದೆ, ಫಿಲ್ಟರಿನಲ್ಲಿ ನೀರಿಲ್ಲ, ಏರ್ ತೆಗೆದಾಗಿದೆ' ಎಂದು ಹೇಳಿದರೆ ಕೆಲಸದ ದಾರಿಯೇ ಬದಲಾಗುತ್ತದೆ. ಒಳ್ಳೆಯ ಮಿಸ್ತ್ರಿ ಇದನ್ನು ಅವಮಾನವೆಂದು ತಿಳಿಯುವುದಿಲ್ಲ, ಸಹಾಯವೆಂದೇ ತಿಳಿಯುತ್ತಾನೆ. ಬದಲಿಸಿದ ಹಳೆಯ ಭಾಗಗಳನ್ನು ಕೇಳಿ ಪಡೆದು ನೋಡಿರಿ.

ಆಗಬೇಕಾದುದೇನು?

ರೈತರಿಗೆ ಯಂತ್ರ ಒದಗಿಸುವ ಕೆಲಸ ಸಾಕಷ್ಟು ನಡೆದಿದೆ. ಸಾಲವಿದೆ, ಸಬ್ಸಿಡಿಯಿದೆ, 2014-15ರಿಂದ ಬಾಡಿಗೆಗೆ ಯಂತ್ರ ಕೊಡುವ ಕೃಷಿ ಯಂತ್ರಧಾರೆ ಕೇಂದ್ರಗಳೂ ಬಂದಿವೆ. ಆದರೆ ಯಂತ್ರದ ಜೊತೆ ಅದರ ಅರಿವು ಅಷ್ಟೇ ವೇಗದಲ್ಲಿ ಹಳ್ಳಿಗೆ ಬಂದಿಲ್ಲ. ಬೀಜೋಪಚಾರದ, ಮಣ್ಣು ಪರೀಕ್ಷೆಯ ಪ್ರಾತ್ಯಕ್ಷಿಕೆಗಳು ನಡೆಯುವಂತೆ, ಸುಗ್ಗಿಗೆ ಮೊದಲು ಪ್ರತಿ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಒಂದು ದಿನದ ಇಂಜಿನ್ ತಪಾಸಣೆ ಪ್ರಾತ್ಯಕ್ಷಿಕೆ ಏಕೆ ನಡೆಯಬಾರದು? ಗದಗ ಜಿಲ್ಲೆಯಲ್ಲಿ ಹುಲಕೋಟಿಯ ಕೃಷಿ ವಿಜ್ಞಾನ ಕೇಂದ್ರವಿದೆ, ಊರೂರಿಗೆ ಅನುಭವಿ ಮಿಸ್ತ್ರಿಗಳಿದ್ದಾರೆ. ಇವರನ್ನೆಲ್ಲ ಕೂಡಿಸಿ, ರೈತರದೇ ನಾಲ್ಕು ಗಾಡಿಗಳನ್ನು ನಿಲ್ಲಿಸಿ, ಹೊಗೆ ತೋರಿಸಿ, ಸದ್ದು ಕೇಳಿಸಿ, ನೀರು ಬಸಿದು ತೋರಿಸಿದರೆ ಹತ್ತು ಭಾಷಣಗಳಿಗಿಂತ ಹೆಚ್ಚಿನ ಪ್ರಯೋಜನವಾದೀತು. ಟ್ರ್ಯಾಕ್ಟರು, ಲಾರಿ ಓಡಿಸುವ ಯುವಕರನ್ನು ಇದಕ್ಕೆ ಮೊದಲು ಕರೆಯಬೇಕು. ಏಕೆಂದರೆ ಒಡೆಯನಿಗಿಂತ ಹೆಚ್ಚು ಹೊತ್ತು ಇಂಜಿನ್ನಿನ ಜೊತೆಗಿರುವವನು ಚಾಲಕ.

ಇದೆಲ್ಲ ಆಗುವವರೆಗೆ ಕಾಯಬೇಕಾಗಿಲ್ಲ. ನಾಳೆ ಬೆಳಿಗ್ಗೆ ಗಾಡಿ ಚಾಲೂ ಮಾಡುವ ಮುನ್ನ ಫಿಲ್ಟರಿನ ತಳದಿಂದ ಒಂದು ಗ್ಲಾಸು ಡೀಸೆಲ್ ಬಸಿದು ನೋಡಿರಿ, ಏರ್ ಕ್ಲೀನರ್ ತೆರೆದು ನೋಡಿರಿ, ಚಾಲೂ ಆದ ಮೇಲೆ ಎರಡು ನಿಮಿಷ ನಿಂತು ಕೇಳಿರಿ. ಆರೋಗ್ಯದಲ್ಲಿರುವಾಗ ಇಂಜಿನ್ನು ಹೇಗೆ ಸದ್ದು ಮಾಡುತ್ತದೆ ಎಂಬುದನ್ನು ಬಲ್ಲವರಿಗೆ ಮಾತ್ರ ಅದು ತಡವರಿಸಿದ್ದು ಮೊದಲ ದಿನವೇ ತಿಳಿಯುತ್ತದೆ.